ಬ್ರೇಕರ್ ಹಿಡಿದ ಕೈಗೆ ಎಷ್ಟು ಕಂಪನ?

ಕಾಂಕ್ರೀಟ್ ಒಡೆಯುವ ಬ್ರೇಕರ್, ಗೋಡೆ ಕೊರೆಯುವ ಹ್ಯಾಮರ್ ಡ್ರಿಲ್, ಕಂಬಿ ಕತ್ತರಿಸುವ ಗ್ರೈಂಡರ್, ಕಂಪ್ರೆಸರ್ ಗಾಳಿಯಲ್ಲಿ ನಡೆಯುವ ಜಾಕ್ ಹ್ಯಾಮರ್ ಇವೆಲ್ಲ ಕೆಲಸ ಮಾಡುವಾಗ ಹುಟ್ಟುವ ಕಂಪನದ ಒಂದು ಪಾಲು ಹಿಡಿಯ ಮೂಲಕ ಬೆರಳು, ಅಂಗೈ, ಮುಂಗೈಗಳನ್ನು ದಾಟಿ ತೋಳಿಗೆ ಏರುತ್ತದೆ. ದಿನದಿನವೂ ವರ್ಷಗಟ್ಟಲೆ ಹೀಗೆ ಏರಿದ ಕಂಪನ ಬೆರಳಿನ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತದೆ, ಸ್ನಾಯು ಮತ್ತು ಕೀಲುಗಳ ಬಲ ಕುಗ್ಗಿಸುತ್ತದೆ. ಈ ತೊಂದರೆಗಳ ಗುಂಪಿಗೆ ವೈದ್ಯಶಾಸ್ತ್ರ ಕೊಟ್ಟಿರುವ ಹೆಸರು ಕೈ-ತೋಳು ಕಂಪನ ಸಿಂಡ್ರೋಮ್. ಇಲ್ಲಿ ಮಾತಾಡುವವರು ಇಬ್ಬರು: ಬಹುಮಹಡಿ ಕಟ್ಟಡವೊಂದರ ಸೈಟ್ ಇಂಜಿನಿಯರ್ ಮತ್ತು ಔದ್ಯೋಗಿಕ ಆರೋಗ್ಯ ವಿಭಾಗದ ವೈದ್ಯೆ.

ಇಂಜಿನಿಯರ್: ಸೈಟಿನಲ್ಲಿ ಸುರಕ್ಷತೆ ಎಂದ ಕೂಡಲೇ ನೆನಪಾಗುವುದು ಹೆಲ್ಮೆಟ್, ಸೇಫ್ಟಿ ಬೆಲ್ಟ್, ಕರೆಂಟು. ಕಂಪನದ ಮಾತು ಬರುವುದೇ ಇಲ್ಲ ಮೇಡಂ. ಯಂತ್ರದಲ್ಲಿ ಕಾಂಕ್ರೀಟ್ ಕೆತ್ತುವ ಚಿಪ್ಪಿಂಗ್ ಕೆಲಸದ ಹುಡುಗರು ಸಂಜೆ ಕೈ ಜುಮ್ಮೆನ್ನುತ್ತದೆ ಅನ್ನುತ್ತಾರೆ, ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಬರುತ್ತಾರೆ. ಅದನ್ನು ಕಾಯಿಲೆ ಎನ್ನಬಹುದೇ?

ವೈದ್ಯೆ: ಕೆಲಸ ನಿಲ್ಲಿಸಿದ ಮೇಲೆ ಆ ಜುಮ್ಮೆನ್ನುವುದು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಬೇಕು. ಇಪ್ಪತ್ತು ನಿಮಿಷ ಮೀರಿದರೆ ನರಕ್ಕೆ ಪೆಟ್ಟು ಬೀಳತೊಡಗಿದೆ ಎಂಬ ಸೂಚನೆ. ಮೊದಮೊದಲು ಬೆರಳ ತುದಿ ಜೋಮು ಹಿಡಿಯುತ್ತದೆ, ಬಿಡುತ್ತದೆ. ಕೆಲವು ವರ್ಷಗಳಲ್ಲಿ ರಾತ್ರಿ ನಿದ್ದೆಯಲ್ಲೂ ಕೈ ಮರಗಟ್ಟಿ ಎಚ್ಚರವಾಗುತ್ತದೆ. ಕೊನೆಗೆ ಸ್ಪರ್ಶವೇ ಮಂಕಾಗುತ್ತದೆ. ಅಂಗಿ ಗುಂಡಿ ಹಾಕಲು, ನೆಲದ ಮೇಲೆ ಬಿದ್ದ ಸ್ಕ್ರೂ ಎತ್ತಲು, ಜೇಬಿನ ನಾಣ್ಯ ಎಣಿಸಲು ಆಗುವುದಿಲ್ಲ. ಆ ಹಂತ ಮುಟ್ಟಿದ ನರ ಬಹುಮಟ್ಟಿಗೆ ಹಿಂದಿನಂತಾಗುವುದಿಲ್ಲ. ಕೈಯನ್ನೇ ನಂಬಿ ದುಡಿಯುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇಕೆ?

ಇಂಜಿನಿಯರ್: ಸುರಕ್ಷತಾ ತರಬೇತಿಯ ಚಿತ್ರಗಳಲ್ಲಿ ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತದೆ. ಇಲ್ಲಿನ ಕಾರ್ಮಿಕರಲ್ಲಿ ಅಂಥದ್ದು ಕಾಣುವುದಿಲ್ಲವಲ್ಲ.

ವೈದ್ಯೆ: ಅದೇ ಕಾರಣಕ್ಕೆ ನಮ್ಮಲ್ಲಿ ಈ ಕಾಯಿಲೆ ಕಣ್ತಪ್ಪಿ ಹೋಗುತ್ತದೆ. ಬೆರಳು ಬಿಳಿಚುವುದು ರಕ್ತನಾಳದ ತೊಂದರೆ. ಚಳಿ ತಾಗಿದಾಗ ನಾಳಗಳು ಬಿಗಿದುಕೊಂಡು ರಕ್ತ ನಿಲ್ಲುತ್ತದೆ, ತುದಿಯಿಂದ ಬೆರಳು ಬೆಳ್ಳಗಾಗುತ್ತ ಬರುತ್ತದೆ, ರಕ್ತ ಮರಳುವಾಗ ಕೆಂಪಾಗಿ ಉರಿಯುತ್ತದೆ. ಬೆರಳಿನ ಈ ಬಗೆಯ ಬಿಳಿಚುವಿಕೆಯನ್ನು 1862ರಲ್ಲಿ ಫ್ರಾನ್ಸಿನ ಮಾರಿಸ್ ರೇನೋ ವರ್ಣಿಸಿದ. ಅದು ಯಂತ್ರದಿಂದಲೂ ಬರುತ್ತದೆ ಎಂದು ವಿವರವಾಗಿ ತೋರಿಸಿದವರಲ್ಲಿ ಅಮೆರಿಕದ ಆಲಿಸ್ ಹ್ಯಾಮಿಲ್ಟನ್ ಮುಖ್ಯರು. 1918ರಲ್ಲಿ ಇಂಡಿಯಾನಾದ ಬೆಡ್‌ಫರ್ಡ್‌ನ ಸುಣ್ಣಕಲ್ಲಿನ ಗಣಿಗಳಿಗೆ ಹೋಗಿ, ಗಾಳಿ ಸುತ್ತಿಗೆಯಿಂದ ಕಲ್ಲು ಕೆತ್ತುವವರ ಕೈಗಳನ್ನು ಚಳಿಗಾಲದಲ್ಲೇ ನೋಡಿದರು. ಉಳಿ ಹಿಡಿಯುವ ಎಡಗೈಗೆ ಹೆಚ್ಚಿನ ಹಾನಿ. ಅರವತ್ತು ವರ್ಷಗಳ ಮೇಲೆ ಬೇರೆ ಸಂಶೋಧಕರು ಅದೇ ಊರಿಗೆ ಹೋದಾಗ ಅದೇ ಬಗೆಯ ಸುತ್ತಿಗೆ ಬಳಕೆಯಲ್ಲಿತ್ತು, ಕಾಯಿಲೆಯೂ ಇಳಿದಿರಲಿಲ್ಲ. ಈ ಅಧ್ಯಯನಗಳೆಲ್ಲ ಚಳಿ ದೇಶದವು. ಬೆಚ್ಚಗಿನ ದೇಶಗಳ ಚಿತ್ರ ಬೇರೆ. ಮಲೇಷ್ಯಾದ ಕಟ್ಟಡ ಕಾರ್ಮಿಕರನ್ನು ಪರೀಕ್ಷಿಸಿದಾಗ ಬೆರಳು ಬಿಳಿಚಿದವರು ಸಿಗಲಿಲ್ಲ, ಜೋಮು, ಜುಮ್ಮೆನ್ನುವಿಕೆ ಇದ್ದವರು ಸಿಕ್ಕರು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ದುಡಿಯುವವರ ಬೆರಳು ಬೆಳ್ಳಗಾಗಲಿ ಎಂದು ಕಾದರೆ ನರದ ಹಾನಿ ಅದಕ್ಕೆ ಮೊದಲೇ ಮುಗಿದಿರುತ್ತದೆ. ಇಲ್ಲಿ ಮೊದಲು ಕೇಳಬೇಕಾದ್ದು ಜೋಮಿನ ಬಗ್ಗೆ, ಬಣ್ಣದ ಬಗ್ಗೆ ಅಲ್ಲ.

ಇಂಜಿನಿಯರ್: ಸದ್ದನ್ನಾದರೆ ಡೆಸಿಬೆಲ್‌ನಲ್ಲಿ ಅಳೆಯುತ್ತೇವೆ. ಕಂಪನಕ್ಕೆ ಅಳತೆ ಏನು?

ವೈದ್ಯೆ: ಹಿಡಿ ಎಷ್ಟು ತೀವ್ರವಾಗಿ ವೇಗ ಬದಲಿಸುತ್ತ ಅಲುಗುತ್ತದೆ ಎಂಬುದು, ಅಂದರೆ ವೇಗೋತ್ಕರ್ಷ. ಮೀ/ಸೆ² ಅದರ ಮಾನ. ಹಿಡಿಯ ಮೇಲೆ ಸಣ್ಣ ಸಂವೇದಕ ಕಟ್ಟಿ ಮೂರು ದಿಕ್ಕುಗಳಲ್ಲಿ ಅಳೆದು ಒಟ್ಟುಗೂಡಿಸುತ್ತಾರೆ. ಅಳೆಯುವ ಕ್ರಮ ಐಎಸ್‌ಒ 5349 ಮಾನಕದಲ್ಲಿದೆ. ಯಂತ್ರದ ಕಂಪನದೊಂದಿಗೆ ಆ ದಿನ ಅದನ್ನು ಹಿಡಿದ ಸಮಯವನ್ನೂ ಸೇರಿಸಿ, ಎಂಟು ಗಂಟೆಯ ದಿನಕ್ಕೆ ಸರಾಸರಿ ಹಾಕಿದರೆ ಬರುವ ಅಂಕಿಯೇ ಮನುಷ್ಯನ ಮೇಲೆ ಬಿದ್ದ ಹೊರೆ. ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ, ಬ್ರಿಟನ್ 2005ರ ನಿಯಮದಲ್ಲಿ ಈ ಹೊರೆಗೆ ಎರಡು ಗೆರೆ ಎಳೆದಿವೆ. ದಿನದ ಸರಾಸರಿ 2.5 ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಲೇಬೇಕು. 5 ದಾಟುವಂತಿಲ್ಲ.

ಇಂಜಿನಿಯರ್: 2.5ರ ಕೆಳಗಿದ್ದರೆ ಅಪಾಯವಿಲ್ಲ ಎಂದುಕೊಳ್ಳಬಹುದೇ?

ವೈದ್ಯೆ: ಹಾಗೆ ಅಂದುಕೊಳ್ಳಬಾರದು. ಅದೇ ಮಾನಕದ ಅಂದಾಜಿನಲ್ಲಿ, ದಿನವೂ 2.5 ಹೊರೆ ಹೊತ್ತ ಹತ್ತು ಜನರಲ್ಲಿ ಒಬ್ಬನಿಗೆ ಸುಮಾರು 12 ವರ್ಷದಲ್ಲಿ ಬೆರಳು ಬಿಳಿಚುತ್ತದೆ. 5ರ ಹೊರೆಯಾದರೆ ಆರು ವರ್ಷಕ್ಕೂ ಮೊದಲೇ. ಹೀಗಾಗಿ 2.5 ಎಂಬುದು ಕೆಲಸ ಶುರುಮಾಡಿಕೊಳ್ಳಬೇಕಾದ ಗೆರೆ, ನೆಮ್ಮದಿಯಿಂದ ಕೂರುವ ಗೆರೆಯಲ್ಲ.

ಇಂಜಿನಿಯರ್: ಸರಾಸರಿ, ವರ್ಗ, ವರ್ಗಮೂಲ ಎಂದರೆ ಸೂಪರ್‌ವೈಸರ್‌ಗಳು ಹಿಂದೆ ಸರಿಯುತ್ತಾರೆ.

ವೈದ್ಯೆ: ಅದಕ್ಕೇ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಪಾಯಿಂಟ್ ಲೆಕ್ಕ ಬಳಕೆಗೆ ತಂದಿದೆ. ಯಂತ್ರದ ಕಂಪನವನ್ನು ಅದರಿಂದಲೇ ಗುಣಿಸಿ ಎರಡರಷ್ಟು ಮಾಡಿದರೆ ಒಂದು ಗಂಟೆಯ ಪಾಯಿಂಟ್. ದಿನಕ್ಕೆ 100 ಪಾಯಿಂಟ್ ಎಂದರೆ ಮೊದಲ ಗೆರೆ, 400 ಎಂದರೆ ಎರಡನೆಯದು. ಕಂಪನ 10 ಇರುವ ಯಂತ್ರ ಗಂಟೆಗೆ 200 ಪಾಯಿಂಟ್ ಏರಿಸುತ್ತದೆ. ಅರ್ಧ ಗಂಟೆಗೆ ಮೊದಲ ಗೆರೆ, ಎರಡು ಗಂಟೆಗೆ ಮಿತಿ. 20 ಇದ್ದರೆ ಗಂಟೆಗೆ 800. ಏಳೂವರೆ ನಿಮಿಷಕ್ಕೆ ಮೊದಲ ಗೆರೆ, ಅರ್ಧ ಗಂಟೆಗೆ ಮಿತಿ. ಕಂಪನ ಎರಡು ಪಟ್ಟಾದರೆ ಪಾಯಿಂಟ್ ನಾಲ್ಕು ಪಟ್ಟು ಏರುವುದನ್ನು ಗಮನಿಸಿ. ನಿಮ್ಮ ಸೈಟಿನ ಒಬ್ಬ ಕೆಲಸಗಾರನ ಒಂದು ದಿನ ಹೇಳಿ, ಹಾಕಿ ನೋಡೋಣ.

ಇಂಜಿನಿಯರ್: ಬೆಳಿಗ್ಗೆ ಬೆಂಕಿ ನಂದಿಸುವ ಪೈಪ್‌ಲೈನ್‌ಗೆ ಸೀಲಿಂಗಿನಲ್ಲಿ 80 ತೂತು ಕೊರೆಯುತ್ತಾನೆ ಎನ್ನಿ. ಮಧ್ಯಾಹ್ನದ ಮೇಲೆ ಹೊಟ್ಟೆ ಬಂದ ಕಾಲಮ್ ಚಿಪ್ಪಿಂಗ್. ಊಟ, ನೀರು, ಏಣಿ ಜರುಗಿಸುವುದು ಎಲ್ಲ ಸೇರಿ ಎಂಟು ಗಂಟೆ ಕೆಲಸ.

ವೈದ್ಯೆ: ಲೆಕ್ಕಕ್ಕೆ ಬೇಕಾದ್ದು ಟ್ರಿಗರ್ ಒತ್ತಿದ ಸಮಯ ಮಾತ್ರ. ಎಷ್ಟು ಹೊತ್ತು ಡ್ರಿಲ್ ಮಾಡಿದೆ ಎಂದರೆ ಇಡೀ ಬೆಳಿಗ್ಗೆ ಎಂಬ ಉತ್ತರ ಬರುತ್ತದೆ. ವಾಚ್ ಹಿಡಿದು ನೋಡಿದರೆ ತೂತಿಗೆ 20 ಸೆಕೆಂಡ್, 80 ತೂತಿಗೆ 27 ನಿಮಿಷ. ಹ್ಯಾಮರ್ ಡ್ರಿಲ್ಲಿನ ಕಂಪನ 9 ಎಂದಿಟ್ಟುಕೊಂಡರೆ 72 ಪಾಯಿಂಟ್. ಚಿಪ್ಪಿಂಗ್ ಯಂತ್ರ ಹಳೆಯದು, ಕಂಪನ 15, ಟ್ರಿಗರ್ ಸಮಯ ಒಂದೂವರೆ ಗಂಟೆ. ಅದು 675. ಒಟ್ಟು 747, ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು.

ಇಂಜಿನಿಯರ್: ಹಾಗಾದರೆ ಚಿಪ್ಪಿಂಗನ್ನು ಇಬ್ಬರಿಗೆ ಹಂಚಿಬಿಡುತ್ತೇನೆ.

ವೈದ್ಯೆ: ಹಂಚಿದರೆ ಇವನ ಪಾಲಿಗೆ ಮುಕ್ಕಾಲು ಗಂಟೆ, 337. ತೂತಿನ 72 ಸೇರಿ 409. ಇನ್ನೂ ಮಿತಿಯ ಮೇಲೆಯೇ ಇದ್ದಾನೆ, ಜೊತೆಗೆ ಇನ್ನೊಬ್ಬನೂ ಮೊದಲ ಗೆರೆ ದಾಟಿದ. ಅದರ ಬದಲು ಕಂಪನ 8 ಇರುವ ಹೊಸ ಯಂತ್ರ ಕೊಟ್ಟು ಅದೇ ಒಂದೂವರೆ ಗಂಟೆ ಒಬ್ಬನೇ ಮಾಡಿದರೂ ಒಟ್ಟು 264. ಪಾಳಿ ಬದಲಿಸುವುದಕ್ಕಿಂತ ಯಂತ್ರ ಬದಲಿಸುವುದು ಎಷ್ಟು ದೊಡ್ಡ ಉಪಾಯ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆದರೂ 264 ಎಂದರೆ ಮೊದಲ ಗೆರೆಯ ಎರಡೂವರೆ ಪಟ್ಟು. ಇನ್ನೂ ಇಳಿಯಬೇಕು. ಅದಕ್ಕೆ ದಾರಿ ವೈದ್ಯರ ಬಳಿ ಇಲ್ಲ, ನಿಮ್ಮ ಬಳಿ ಇದೆ. ಆ ಕಾಲಮ್‌ಗೆ ಹೊಟ್ಟೆ ಬಂದದ್ದು ಯಾಕೆ?

ಇಂಜಿನಿಯರ್: ಸೆಂಟ್ರಿಂಗ್ ಬಿಗಿ ಸಾಲದೆ. ಕಾಂಕ್ರೀಟ್ ಸುರಿದಾಗ ಶಟರಿಂಗ್ ಹೊರಕ್ಕೆ ಬಾಗಿರುತ್ತದೆ. ನೀವು ಹೇಳುತ್ತಿರುವುದು ಅರ್ಥವಾಯಿತು. ಸೈಟಿನ ಚಿಪ್ಪಿಂಗ್‌ನಲ್ಲಿ ಒಂದು ದೊಡ್ಡ ಪಾಲು ಬೇರೆ ಯಾರೋ ಮಾಡಿದ ತಪ್ಪಿನ ರಿಪೇರಿ. ಶಟರಿಂಗ್ ಲೈನು, ಪ್ಲಂಬು ಸರಿಯಾಗಿ ನೋಡಿದ್ದರೆ ಕಾಲಮ್ ಕೆತ್ತಬೇಕಿಲ್ಲ. ಸ್ಲ್ಯಾಬಿನಲ್ಲಿ ಪೈಪ್ ಹಾಯುವ ಜಾಗಕ್ಕೆ ಮೊದಲೇ ಸ್ಲೀವ್ ಇಟ್ಟು ಕಾಂಕ್ರೀಟ್ ಹಾಕಿದ್ದರೆ ಆಮೇಲೆ ಒಡೆಯಬೇಕಿಲ್ಲ. ಪ್ಲಂಬಿಂಗ್ ಡ್ರಾಯಿಂಗ್ ತಡವಾಗಿ ಬರುವುದರಿಂದ ಸ್ಲೀವ್ ತಪ್ಪುತ್ತದೆ. ತೂಗುವ ಪೈಪ್‌ಗಳಿಗೂ ಅಷ್ಟೆ, ಶಟರಿಂಗ್ ಮೇಲೆಯೇ ಇನ್ಸರ್ಟ್ ಕೂರಿಸಿದರೆ ಆ 80 ತೂತು ಬೇಕಾಗುವುದಿಲ್ಲ.

ವೈದ್ಯೆ: ಹಳೆಯ ಕಾಂಕ್ರೀಟಿಗೆ ಹೊಸದು ಅಂಟಬೇಕಾದ ಕಡೆ ಮೇಲ್ಮೈಯನ್ನು ಹ್ಯಾಕಿಂಗ್ ಮಾಡಿ ಒರಟಾಗಿಸುತ್ತಾರಲ್ಲ, ಅದಕ್ಕೆ?

ಇಂಜಿನಿಯರ್: ಗಟ್ಟಿಯಾದ ಮೇಲೆ ಕೆತ್ತುವುದೇ ರೂಢಿ. ಕಾಂಕ್ರೀಟ್ ಸುರಿದ ಕೆಲವು ಗಂಟೆಗಳಲ್ಲಿ, ಇನ್ನೂ ಹಸಿಯಾಗಿರುವಾಗಲೇ ಒತ್ತಡದ ನೀರು ಹಾಯಿಸಿ ಮೇಲಿನ ಸಿಮೆಂಟ್ ಹಾಲು ತೊಳೆದರೆ ಜಲ್ಲಿ ತಾನಾಗಿ ಮೇಲೆ ಕಾಣಿಸುತ್ತದೆ, ಮೇಲ್ಮೈ ಒರಟಾಗುತ್ತದೆ. ಬೇಗ ಗಟ್ಟಿಯಾಗದಂತೆ ರಿಟಾರ್ಡರ್ ಬಳಿದರೆ ತೊಳೆಯಲು ಮಾರನೆಯ ದಿನದವರೆಗೂ ಸಮಯ ಸಿಗುತ್ತದೆ. ಯಂತ್ರ ಮುಟ್ಟುವುದೇ ಬೇಡ. ಪೈಲ್ ತಲೆ ಒಡೆಯುವುದು ಇದಕ್ಕಿಂತ ಕಷ್ಟದ್ದು. ನೆಲದೊಳಗೆ ಹಾಕಿದ ಪೈಲಿನ ಮೇಲ್ಭಾಗದ ಕಾಂಕ್ರೀಟಿನಲ್ಲಿ ಮಣ್ಣು, ಕೆಸರು ಬೆರೆತಿರುತ್ತದೆ. ಅದನ್ನು ತೆಗೆದು ಕಂಬಿ ಬಿಡಿಸಬೇಕು. ಬ್ರೇಕರ್ ಹಿಡಿದ ಗ್ಯಾಂಗ್ ಹಳ್ಳದಲ್ಲಿ ಇಳಿದು ದಿನಗಟ್ಟಲೆ ಒಡೆಯುತ್ತದೆ. ಜೆಸಿಬಿ, ಎಕ್ಸ್‌ಕವೇಟರ್‌ಗೆ ತೂಗುಹಾಕುವ ಹೈಡ್ರಾಲಿಕ್ ಕ್ರಾಪರ್ ಇದೆ, ಪೈಲನ್ನು ಸುತ್ತಲೂ ಹಿಂಡಿ ಮುರಿಯುತ್ತದೆ. ಇನ್ನೊಂದು ದಾರಿ ಎಂದರೆ ಕಾಂಕ್ರೀಟ್ ಹಾಕುವ ಮೊದಲೇ ಮೇಲ್ಭಾಗದ ಕಂಬಿಗಳಿಗೆ ಫೋಮ್ ಕೊಳವೆ ತೊಡಿಸುವುದು. ಕಾಂಕ್ರೀಟ್ ಕಂಬಿಗೆ ಅಂಟುವುದಿಲ್ಲ. ಆಮೇಲೆ ಅಡ್ಡಕ್ಕೆ ತೂತು ಹಾಕಿ ಸೀಳಿದರೆ ತಲೆಯನ್ನು ಕ್ರೇನಿನಲ್ಲಿ ಇಡಿಯಾಗಿ ಎತ್ತಬಹುದು.

ವೈದ್ಯೆ: ಇಷ್ಟು ಗೊತ್ತಿದ್ದೂ ಬ್ರೇಕರ್ ಕೈಗೇ ಬರುವುದೇಕೆ?

ಇಂಜಿನಿಯರ್: ಚಿಪ್ಪಿಂಗ್ ಗುತ್ತಿಗೆ ಪೀಸ್ ರೇಟಿನದು. ಪೈಲಿಗೆ ಇಷ್ಟು, ಅಡಿಗೆ ಇಷ್ಟು ಎಂದು ಮೇಸ್ತ್ರಿಗೆ ಕೊಟ್ಟರೆ ಕ್ರಾಪರ್ ಬಾಡಿಗೆಗಿಂತ ಅಗ್ಗ ಬೀಳುತ್ತದೆ. ಬೇಗ ಮುಗಿಸಿದಷ್ಟೂ ಕೂಲಿ ಹೆಚ್ಚು ಎಂದಾದಾಗ ಕೆಲಸಗಾರ ವಿರಾಮ ತೆಗೆದುಕೊಳ್ಳುವುದಿಲ್ಲ, ಜೋಮು ಹಿಡಿಯಿತು ಎಂದು ಹೇಳುವುದೂ ಇಲ್ಲ.

ವೈದ್ಯೆ: ಆ ಅಗ್ಗದ ಬೆಲೆಯನ್ನು ಕೈ ತೆರುತ್ತಿದೆ. ಟ್ರಿಗರ್ ಸಮಯಕ್ಕೆ ಮಿತಿ ಹಾಕಿದ ಮೇಲೂ ಪೀಸ್ ರೇಟನ್ನೇ ಉಳಿಸಿಕೊಂಡರೆ ಮಿತಿ ಕಾಗದದಲ್ಲಿರುತ್ತದೆ. ಬ್ರೇಕರ್ ಹಿಡಿಯುವವರಿಗೆ ದಿನಗೂಲಿಯೇ ಸರಿ. ಕೆಲಸ ಬದಲಿಸಿ ಕೊಟ್ಟ ದಿನ ಕೂಲಿ ಕಡಿಯಬಾರದು. ಇಲ್ಲದಿದ್ದರೆ ತೊಂದರೆಯಿದ್ದವನು ಅದನ್ನು ಮುಚ್ಚಿಡುತ್ತಾನೆ.

ಇಂಜಿನಿಯರ್: ಹೊಸ ಯಂತ್ರ ಕೊಳ್ಳುವಾಗ ಕಂಪನ ಎಷ್ಟೆಂದು ತಿಳಿಯುವುದು ಹೇಗೆ? ಅಂಗಡಿಯವರು ವಾಟ್ ಮತ್ತು ತೂಕವಷ್ಟೇ ಹೇಳುತ್ತಾರೆ.

ವೈದ್ಯೆ: ಹೆಸರಾಂತ ಕಂಪನಿಗಳ ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಮೀ/ಸೆ² ಅಂಕಿ ಇರುತ್ತದೆ, ಪಕ್ಕದಲ್ಲೇ ಅನಿಶ್ಚಿತತೆಯ ಅಂಕಿಯೂ ಇರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಜಾಣತನ. ಹ್ಯಾಮರ್ ಡ್ರಿಲ್ಲಿಗೆ ತೂತು ಕೊರೆಯುವ ಅಂಕಿ ಬೇರೆ, ಚಿಸೆಲ್ ಹಾಕಿ ಒಡೆಯುವ ಅಂಕಿ ಬೇರೆ. ಆದರೂ ಅದು ಪ್ರಯೋಗಾಲಯದ ಅಳತೆ. ಸೈಟಿನ ಗಟ್ಟಿ ಕಾಂಕ್ರೀಟ್, ಸವೆದ ಚಿಸೆಲ್, ತಲೆಯ ಮೇಲೆ ಎತ್ತಿ ಹಿಡಿದ ಭಂಗಿ ಇವುಗಳಲ್ಲಿ ಅದು ಏರಬಹುದು. ಕಂಪನ ಕಡಿಮೆ ಎಂದು ತಂದ ಯಂತ್ರ ಕೆಲಸಕ್ಕೆ ದುರ್ಬಲವಾಗಿ ಎರಡರಷ್ಟು ಹೊತ್ತು ಹಿಡಿಯುವಂತಾದರೂ ಲಾಭ ಕರಗುತ್ತದೆ. ಹೀಗಾಗಿ ಕೊಳ್ಳುವ ಮೊದಲು ನಿಮ್ಮ ಸೈಟಿನಲ್ಲೇ ಒಂದು ದಿನ ಓಡಿಸಿ ನೋಡಬೇಕು.

ಇಂಜಿನಿಯರ್: ಇರುವ ಯಂತ್ರವನ್ನು ಚೆನ್ನಾಗಿ ಇಟ್ಟುಕೊಂಡರೆ?

ವೈದ್ಯೆ: ಬಹಳ ವ್ಯತ್ಯಾಸವಾಗುತ್ತದೆ. ಮೊಂಡಾದ ಚಿಸೆಲ್ ಕಾಂಕ್ರೀಟನ್ನು ಒಡೆಯದೆ ಪೆಟ್ಟನ್ನು ಕೈಗೇ ಹಿಂದಿರುಗಿಸುತ್ತದೆ. ಗ್ರೈಂಡರಿನ ಚಕ್ರ ಒಂದು ಕಡೆ ಸವೆದರೆ ತೂಕ ಸಮತೋಲ ತಪ್ಪಿ ನಡುಗುತ್ತದೆ. ಹಿಡಿಯಲ್ಲಿನ ಸ್ಪ್ರಿಂಗ್, ರಬ್ಬರ್ ಹಾಳಾದ ಮೇಲೆ ಕಂಪನ ತಡೆಯುವ ಹಿಡಿ ಹೆಸರಿಗಷ್ಟೇ ಇರುತ್ತದೆ. ಇವನ್ನೆಲ್ಲ ವಾರಕ್ಕೊಮ್ಮೆ ನೋಡುವ ಜವಾಬ್ದಾರಿ ಒಬ್ಬನಿಗೆ ಹೆಸರು ಹಿಡಿದು ಕೊಡಬೇಕು.

ಇಂಜಿನಿಯರ್: ಕಂಪನ ತಡೆಯುವ ಗ್ಲೌಸ್ ಎಂದು ಮಾರುತ್ತಾರೆ. ಅದನ್ನು ಕೊಟ್ಟರೆ ಸಾಲದೆ?

ವೈದ್ಯೆ: ಸಾಲದು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಗ್ಲೌಸ್ ಹಂಚಿದ ಕೂಡಲೇ ಮಿಕ್ಕ ಕ್ರಮಗಳೆಲ್ಲ ನಿಂತುಹೋಗುತ್ತವೆ. ದೊಡ್ಡ ಬ್ರೇಕರ್ ನಿಮಿಷಕ್ಕೆ ಸಾವಿರದಿಂದ ಎರಡು ಸಾವಿರ ಪೆಟ್ಟು ಹಾಕುತ್ತದೆ, ಅಂದರೆ ಸೆಕೆಂಡಿಗೆ 17ರಿಂದ 33. ಅಂಥ ನಿಧಾನದ, ಜೋರಿನ ಪೆಟ್ಟನ್ನು ಗ್ಲೌಸಿನ ಜೆಲ್ ಹೆಚ್ಚುಕಡಿಮೆ ಹಾಗೆಯೇ ದಾಟಿಸಿಬಿಡುತ್ತದೆ. ಸೆಕೆಂಡಿಗೆ 150ಕ್ಕೂ ಮೇಲಿನ ಕಂಪನವನ್ನಷ್ಟೇ ಅದು ಸ್ವಲ್ಪ ತಡೆಯಬಲ್ಲದು. ದಪ್ಪ ಗ್ಲೌಸ್ ಹಾಕಿದವನು ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ, ಅದರಿಂದ ಕೈಗೆ ಸಾಗುವ ಕಂಪನ ಹೆಚ್ಚಲೂಬಹುದು. ಗಾಯವಾಗದಂತೆ, ಮಳೆ ಚಳಿಯಲ್ಲಿ ಕೈ ಬೆಚ್ಚಗಿರುವಂತೆ ಗ್ಲೌಸ್ ಬೇಕು. ಕಂಪನದ ಲೆಕ್ಕದಲ್ಲಿ ಅದಕ್ಕೆ ಒಂದು ಪಾಯಿಂಟನ್ನೂ ಕಳೆಯಬಾರದು.

ಇಂಜಿನಿಯರ್: ಕೆಲಸಗಾರನೇ ಮಾಡಿಕೊಳ್ಳಬಹುದಾದ್ದು?

ವೈದ್ಯೆ: ಯಂತ್ರದ ತೂಕವೇ ಕೆಲಸ ಮಾಡಲಿ, ಮೈಭಾರ ಹಾಕಿ ಒತ್ತುವುದು ಬೇಡ. ನಿಯಂತ್ರಣ ತಪ್ಪದಷ್ಟು ಸಡಿಲವಾಗಿ ಹಿಡಿದರೆ ಸಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಿಟ್ಟು ಬೆರಳು ಆಡಿಸಬೇಕು. ಬೀಡಿ ಸಿಗರೇಟು ಬೆರಳ ರಕ್ತನಾಳವನ್ನು ಇನ್ನೂ ಬಿಗಿಯುತ್ತವೆ. ಇವೆಲ್ಲ ನೆರವಿಗೆ ಬರುತ್ತವೆ, ಆದರೆ ಮೊದಲ ಹೊಣೆ ಯಂತ್ರ ಮತ್ತು ಕೆಲಸದ ಕ್ರಮ ಆರಿಸುವವರದು.

ಇಂಜಿನಿಯರ್: ತಪಾಸಣೆಗೆ ವೈದ್ಯರು ಸೈಟಿಗೆ ಬರಬೇಕೆ?

ವೈದ್ಯೆ: ಶುರುವಿಗೆ ಐದು ಪ್ರಶ್ನೆ ಸಾಕು, ಕೇಳುವವನಿಗೆ ಕೆಲಸಗಾರನ ಭಾಷೆ ಬರಬೇಕು. ಯಂತ್ರ ಬಿಟ್ಟ ಮೇಲೆ ಇಪ್ಪತ್ತು ನಿಮಿಷ ದಾಟಿ ಜುಮ್ಮೆನ್ನುತ್ತದೆಯೇ? ಬೆರಳು ಮರಗಟ್ಟುತ್ತದೆಯೇ? ರಾತ್ರಿ ಕೈ ನೋವಿಗೆ ಎಚ್ಚರವಾಗುತ್ತದೆಯೇ? ಚಳಿಯಲ್ಲಿ, ತಣ್ಣೀರಲ್ಲಿ ಬೆರಳು ಬಿಳಿಚುತ್ತದೆಯೇ? ಗುಂಡಿ, ಸ್ಕ್ರೂ ಹಿಡಿಯಲು ತೊಡಕಾಗುತ್ತದೆಯೇ? ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಒಂದಕ್ಕೆ ಹೌದು ಎಂದರೂ ವೈದ್ಯರ ಬಳಿ ಕಳಿಸಬೇಕು. ಅವರು ಸ್ಟಾಕ್‌ಹೋಮ್ ಮಾಪಕದಲ್ಲಿ ರಕ್ತನಾಳಕ್ಕೂ ನರಕ್ಕೂ ಬೇರೆ ಬೇರೆ ಹಂತ ಗುರುತಿಸುತ್ತಾರೆ. ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್ ತೊಂದರೆಯೂ ಇದರ ಜೊತೆಗೇ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಿಂಡ್ರೋಮಿಗೆ ಮದ್ದಿಲ್ಲ, ಕಂಪನದಿಂದ ದೂರ ಇಟ್ಟು ಮುಂದೆ ಹೋಗದಂತೆ ತಡೆಯಬಹುದಷ್ಟೆ. ಬಿಹಾರ, ಒಡಿಶಾ, ಯಾದಗಿರಿಯಿಂದ ಬಂದು ಆರು ತಿಂಗಳಿಗೊಂದು ಸೈಟ್ ಬದಲಿಸುವವರ ಉತ್ತರ ಬರೆದ ಕಾಗದದ ಪ್ರತಿಯನ್ನು ಅವರ ಕೈಗೇ ಕೊಡಬೇಕು. ಇಲ್ಲದಿದ್ದರೆ ಪ್ರತಿ ಸೈಟಿನಲ್ಲೂ ಅವರು ಹೊಸಬರೇ.

ಇಂಜಿನಿಯರ್: ನಮ್ಮ ಕಾನೂನು ಏನನ್ನುತ್ತದೆ?

ವೈದ್ಯೆ: ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳಲ್ಲಿ, ಅತಿಯಾದ ಸದ್ದು ಮತ್ತು ಕಂಪನದಿಂದ ಕಾರ್ಮಿಕರನ್ನು ಕಾಪಾಡುವುದು ಮಾಲೀಕನ ಹೊಣೆ ಎಂದಿದೆ. ಸದ್ದಿಗೆ ಅನುಸೂಚಿಯಲ್ಲಿ ಮಿತಿಯ ಅಂಕಿಗಳಿವೆ. ಕಂಪನಕ್ಕೆ ಅಲ್ಲಿ ಅಂಕಿಯಿಲ್ಲ. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿದೆ. ನಿಯಮಗಳಲ್ಲಿ 2.5 ಮತ್ತು 5 ಎಂಬ ಎರಡು ಅಂಕಿ ಸೇರುವುದು ಬಹುಕಾಲದಿಂದ ಬಾಕಿ ಉಳಿದ ಕೆಲಸ. ಆದರೆ ಅಷ್ಟರವರೆಗೆ ಕಾಯಬೇಕೆಂದಿಲ್ಲ. ಗುತ್ತಿಗೆ ಪತ್ರದಲ್ಲಿ ಬರೆದದ್ದು ಸೈಟಿನ ಮಟ್ಟಿಗೆ ಕಾನೂನೇ.

ಇಂಜಿನಿಯರ್: ಇಷ್ಟೆಲ್ಲ ಮಾಡಿದರೆ ನಿಜಕ್ಕೂ ಕಾಯಿಲೆ ಇಳಿಯುತ್ತದೆಯೇ? ಎಲ್ಲಾದರೂ ಇಳಿದಿದೆಯೇ?

ವೈದ್ಯೆ: ಫಿನ್‌ಲೆಂಡಿನ ಕಾಡಿನಲ್ಲಿ ಇಳಿದಿದೆ. ಅಲ್ಲಿ ಚೈನ್ ಗರಗಸ ಹಿಡಿಯುವ ಮರ ಕಡಿಯುವವರಲ್ಲಿ 1972ರಲ್ಲಿ ಶೇ 40 ಜನರ ಬೆರಳು ಬಿಳಿಚುತ್ತಿತ್ತು. ಗರಗಸದ ಕಂಪನ ಸುಮಾರು 14 ಇದ್ದದ್ದು 2ಕ್ಕೆ ಇಳಿಯಿತು, ತೂಕವೂ ಕಡಿಮೆಯಾಯಿತು. 1990ರ ಹೊತ್ತಿಗೆ ಬೆರಳು ಬಿಳಿಚುವವರು ಶೇ 5. ಕೆಲಸವೂ ಅದೇ, ಚಳಿಯೂ ಅದೇ, ಬದಲಾದದ್ದು ಯಂತ್ರ. ಬೆಡ್‌ಫರ್ಡ್‌ನಲ್ಲಿ ಸುತ್ತಿಗೆ ಬದಲಾಗಲಿಲ್ಲ, ಕಾಯಿಲೆಯೂ ಹಾಗೆಯೇ ಉಳಿಯಿತು.

ಇಂಜಿನಿಯರ್: ಹಾಗಾದರೆ ಮುಂದಿನ ಚಿಪ್ಪಿಂಗ್ ಗುತ್ತಿಗೆಯಲ್ಲಿ ಪೈಲ್ ತಲೆಗೆ ಕ್ರಾಪರ್ ಕಡ್ಡಾಯ, ಕೈಯಲ್ಲಿ ಹಿಡಿಯುವ ಯಂತ್ರಗಳ ಕಂಪನ ಅಂಕಿಯನ್ನು ಮೊದಲೇ ಕೊಡಬೇಕು, ಬ್ರೇಕರ್ ಕೆಲಸಕ್ಕೆ ದಿನಗೂಲಿ ಎಂದು ಬರೆಸಬಹುದು. ಸ್ಲೀವ್ ಡ್ರಾಯಿಂಗ್ ಬಾರದೆ ಸ್ಲ್ಯಾಬ್ ಹಾಕುವುದಿಲ್ಲ ಎಂದು ಪ್ಲಂಬಿಂಗ್‌ನವರಿಗೂ ಹೇಳಬೇಕು.

ವೈದ್ಯೆ: ಹಾಗೇ ಮಾಡಿ. ಜೊತೆಗೆ ಈ ವಾರವೇ ಬ್ರೇಕರ್ ಹಿಡಿಯುವ ಪ್ರತಿಯೊಬ್ಬರನ್ನೂ ಆ ಐದು ಪ್ರಶ್ನೆ ಕೇಳಿ. ಹೌದು ಎಂದವರಿಗೆ ಕೂಲಿ ಕಡಿಯದೆ ಬೇರೆ ಕೆಲಸ ಕೊಟ್ಟು, ಆಸ್ಪತ್ರೆಗೆ ಕಳಿಸಿಕೊಡಿ.